ಕಿಟಕಿಯಾಚೆ ಒಂದು ಕಲ್ಲುಮರಿಗೆ

ಸಂಜೆ ಆರಕ್ಕೆ ಹತ್ತು ನಿಮಿಷ ಇರುವಾಗ ರಾಜಹಕ್ಕಿ ಬರುತ್ತದೆ. ಮೊದಲು ಮುರುಗಲು ಮರದ ಕೆಳಗಿನ ಟೊಂಗೆಯಲ್ಲಿ ಕೂತು ಆಚೀಚೆ ನೋಡುತ್ತದೆ. ಆಮೇಲೆ ಕಲ್ಲುಮರಿಗೆಯ ನೀರಿಗೆ ಒಮ್ಮೆಲೇ ಬಿದ್ದು, ಎದೆ ತೋಯುವಷ್ಟರಲ್ಲಿ ಎದ್ದು, ಮತ್ತೆ ಅದೇ ಟೊಂಗೆಗೆ ಹೋಗಿ ಕೂರುತ್ತದೆ. ಗರಿ ಕೊಡವಿ, ಕೊಕ್ಕಿನಿಂದ ರೆಕ್ಕೆಯ ಸಂದಿ ಸರಿಮಾಡಿಕೊಂಡು, ಇನ್ನೊಮ್ಮೆ ಬೀಳುತ್ತದೆ. ಒಂದು ಸಂಜೆ ಎಣಿಸಿದೆ, ಹನ್ನೊಂದು ಸಲ. ಬೆಳೆದ ಗಂಡಿಗೆ ಬಾಲದಲ್ಲಿ ಗೇಣುದ್ದದ ಎರಡು ಗರಿ. ನೀರಿನಿಂದ ಮೇಲೇಳುವಾಗ ಅವು ಬಿಳಿ ರಿಬ್ಬನ್ನಿನಂತೆ ಹಿಂದೆ ಬಳುಕುತ್ತ ಬರುತ್ತವೆ. ಅಡುಗೆಮನೆಯ ಕಿಟಕಿಯಿಂದ ಮರಿಗೆಗೆ ಹದಿನೈದು ಅಡಿ. ಒಲೆಯ ಮೇಲೆ ಹಾಲಿಟ್ಟುಕೊಂಡೇ ಇದನ್ನೆಲ್ಲ ನೋಡಬಹುದು.

ನಮ್ಮದು ಹೊನ್ನಾವರ ತಾಲ್ಲೂಕಿನ ಹಂಚಿನ ಮನೆ. ಶರಾವತಿಯ ದಂಡೆ ಒಂದು ಕೂಗಳತೆಯಲ್ಲಿದೆ. ಹಿಂದೆ ಅಡಿಕೆ ತೋಟ, ಅದರಾಚೆ ಗುಡ್ಡ. ಮರಿಗೆ ಮೊದಲು ಕೊಟ್ಟಿಗೆಯ ಮುಂದಿತ್ತು, ದನಗಳಿಗೆ ಅಕ್ಕಚ್ಚು ಹಾಕುವುದಕ್ಕೆ. ಕೊಟ್ಟಿಗೆ ಖಾಲಿಯಾದ ಮೇಲೆ ನಾಲ್ಕು ಜನ ಸೇರಿ ಅದನ್ನು ಹಿತ್ತಿಲಿಗೆ ಉರುಳಿಸಿದೆವು. ಆಗ ಹಕ್ಕಿಯ ಯೋಚನೆ ಯಾರಿಗೂ ಇರಲಿಲ್ಲ. ಆ ಯೋಚನೆ ಬಂದದ್ದು ಕೆನಡಾದಿಂದ ಬಂದ ಒಂದು ಪೊಟ್ಟಣದಿಂದ.

ತಂಗಿ ಟೊರಾಂಟೊದಲ್ಲಿದ್ದಾಳೆ. ಅಲ್ಲಿ ಡಿಸೆಂಬರಿನಲ್ಲಿ ಕಿಟಕಿಯ ಗಾಜಿಗೆ ರಬ್ಬರ್ ಬಟ್ಟಲುಗಳಿಂದ ಅಂಟಿಸುವ ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸೂರ್ಯಕಾಂತಿ ಬೀಜ ತುಂಬಿಡುತ್ತಾರೆ. ಹಿಮ ಬೀಳುತ್ತಿರುವಾಗಲೇ ಕೆಂಪು ಕಾರ್ಡಿನಲ್, ಕರಿಟೊಪ್ಪಿಯ ಚಿಕಡಿ ಎಂಬ ಪುಟ್ಟ ಹಕ್ಕಿ ಬಂದು, ಮನೆಯವರ ಮೂಗಿನ ಮುಂದೆಯೇ ಬೀಜ ಹೆಕ್ಕಿ ಹೋಗುತ್ತವೆ. ಆ ಚಿಕಡಿಯ ತೂಕ ಹನ್ನೊಂದು ಗ್ರಾಮಿನ ಆಸುಪಾಸು, ಎಂದರೆ ನಮ್ಮ ಐದು ರೂಪಾಯಿಯ ಎರಡು ನಾಣ್ಯದಷ್ಟೂ ಇಲ್ಲ. ಅಲ್ಲಿಯ ಚಳಿಗಾಲದ ರಾತ್ರಿ ಹದಿನೈದು ಗಂಟೆ. ಅಷ್ಟು ಹೊತ್ತು ಕೊರೆಯುವ ಚಳಿಯಲ್ಲಿ ಬದುಕಿ ಉಳಿಯಲು ಅದು ಹಗಲೆಲ್ಲ ತಿಂದು ಕೂಡಿಸಿದ ಕೊಬ್ಬನ್ನು ರಾತ್ರಿ ಉರಿಸಿಕೊಳ್ಳುತ್ತದೆ. ಅದೂ ಸಾಲದೆ ಮೈಯ ಕಾವನ್ನೇ ಹತ್ತು ಡಿಗ್ರಿಯಷ್ಟು ಇಳಿಸಿಕೊಂಡು ಮಲಗುತ್ತದೆ. ಬೆಳಗಾದರೆ ಮತ್ತೆ ಎಣ್ಣೆಕಾಳು ಬೇಕು. ಒಂದು ಮುಷ್ಟಿ ಬೀಜ ಅಲ್ಲಿ ಜೀವ ಉಳಿಸುವ ದಾನ.

ತಂಗಿ ಕಳಿಸಿದ ಪೆಟ್ಟಿಗೆಯನ್ನು ನಾವೂ ಕಿಟಕಿಗೆ ಅಂಟಿಸಿದೆವು. ಅಕ್ಕಿ, ಸೂರ್ಯಕಾಂತಿ ಬೀಜ, ಒಂದು ಮಿಟ್ಲಿ ಬಾಳೆಹಣ್ಣು. ಮೊದಲ ದಿನ ಕಾಗೆ ಬಂತು, ಅಳಿಲು ಬಂತು. ಎರಡನೆಯ ದಿನ ಮಂಗಗಳು ಬಂದವು. ಕರಾವಳಿಯ ಹಂಚಿನ ಮನೆಯವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಬಾಳೆಹಣ್ಣಿನ ಜೊತೆ ಪೆಟ್ಟಿಗೆಯೂ ಹೋಯಿತು, ಹದಿನೇಳು ಹಂಚು ಒಡೆದವು. ಆಯಿ ಅಂಗಳದಲ್ಲಿ ನಿಂತು ಹಂಚಿನ ಚೂರು ಹೆಕ್ಕುತ್ತ ಒಂದೇ ಮಾತು ಹೇಳಿದರು: “ತಮಾ, ಅದ್ಕೆ ಅಕ್ಕಿ ಎಂತಕ್ಕೆ? ನೀರಿಡು.”

ಆ ಮಾತಿನಲ್ಲಿ ಎಷ್ಟು ತಿಳಿವಳಿಕೆ ಇದೆ ಎಂಬುದು ನನಗೆ ಅರ್ಥವಾಗಲು ಎರಡು ಚಳಿಗಾಲ ಬೇಕಾಯಿತು.

ಭಟ್ಕಳ, ಹೊನ್ನಾವರ, ಕುಮಟಾದಲ್ಲಿ ಚಳಿಗಾಲವೆಂದರೆ ಹಸಿವಿನ ಕಾಲವಲ್ಲ. ಡಿಸೆಂಬರ್ ಕೊನೆಯ ಅತಿ ಚಿಕ್ಕ ಹಗಲೂ ಇಲ್ಲಿ ಹನ್ನೊಂದು ಗಂಟೆಗಿಂತ ಉದ್ದ. ಬೆಳಗಿನ ಚಳಿ ಕಂಬಳಿ ಹೊದೆಸುತ್ತದೆಯೇ ಹೊರತು ಹುಳುಹುಪ್ಪಟೆಯನ್ನು ಕೊಲ್ಲುವುದಿಲ್ಲ. ಗೇರು ಹೂಬಿಡುವುದು ಈಗ, ಮಾವು ಚಿಗುರುವುದು ಈಗ, ಬೂರುಗದ ಕೆಂಪು ಬಟ್ಟಲು ತೆರೆಯುವುದೂ ಈಗಲೇ. ಸೈಬೀರಿಯಾ, ಮಧ್ಯ ಏಷ್ಯಾ, ಹಿಮಾಲಯದ ತಪ್ಪಲುಗಳಲ್ಲಿ ಹುಟ್ಟಿದ ಹಕ್ಕಿಗಳು ಸಾವಿರಾರು ಮೈಲಿ ಹಾರಿ ಬರುವುದು ಈ ಊಟಕ್ಕೇ. ಇನ್ನು ನಮ್ಮ ಹಿತ್ತಿಲ ಹಕ್ಕಿಗಳಲ್ಲಿ ಕಾಳು ತಿನ್ನುವವು ಕಡಿಮೆ. ಗುಬ್ಬಿ, ರಾಟವಾಳ, ಗೀಜಗ, ಚೋರೆ, ಗಿಳಿ ಬಿಟ್ಟರೆ ಹೆಚ್ಚಿನವು ಹುಳ, ಹಣ್ಣು, ಮಕರಂದವನ್ನೇ ನೆಚ್ಚಿದವು. ಕಾಜಾಣಕ್ಕೂ ಸಿಂಪಿಗನಿಗೂ ಅಕ್ಕಿಕಾಳು ಕಲ್ಲಿನ ಹರಳಿಗೆ ಸಮ.

ಕಾಳಿನ ಹಕ್ಕಿಗಳಿಗೆ ನಮ್ಮವರು ಹಿಂದಿನಿಂದಲೂ ಮಾಡಿಟ್ಟ ಏರ್ಪಾಡು ಬೇರೆಯೇ ಇದೆ. ಹೊಸ್ತಿನ ದಿನ ಗದ್ದೆಯಿಂದ ತಂದ ಹೊಸ ಕದಿರನ್ನು ಬಾಗಿಲಿಗೆ, ಕಂಬಕ್ಕೆ, ಅಕ್ಕಿ ಮುಡಿಗೆ ಕಟ್ಟುತ್ತಾರೆ. ಅದನ್ನು ಯಾರೂ ಬಿಚ್ಚುವುದಿಲ್ಲ. ಜಗುಲಿಯ ಕದಿರಿಗೆ ಗುಬ್ಬಿಗಳು ತಲೆಕೆಳಗಾಗಿ ಜೋತು ಒಂದೊಂದೇ ಕಾಳು ಬಿಡಿಸಿ ತಿನ್ನುವುದನ್ನು ನೋಡುತ್ತಲೇ ನಾವೆಲ್ಲ ದೊಡ್ಡವರಾದದ್ದು. ದೇವರ ಹೆಸರಿನಲ್ಲಿ ಕಟ್ಟಿದ್ದು ಗುಬ್ಬಿಯ ಹೊಟ್ಟೆ ಸೇರುತ್ತಿತ್ತು, ಅದಕ್ಕೆ ಯಾರ ತಕರಾರೂ ಇರಲಿಲ್ಲ. ಈಗ ಗದ್ದೆಗಳೇ ಹಡಿಲು ಬಿದ್ದಿವೆ. ಕಟ್ಟಬೇಕೆಂದರೂ ಕದಿರನ್ನು ಪಕ್ಕದೂರಿನಿಂದ ಬೇಡಿ ತರುತ್ತೇವೆ.

ನೀರಿನ ಕತೆ ಬೇರೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರಿನಲ್ಲಿ ನೀರಿಗೆ ಬರವೇ ಎಂದು ಘಟ್ಟದ ಮೇಲಿನವರು ಕೇಳುತ್ತಾರೆ. ಆ ಮಳೆಯ ಬಹುಪಾಲು ಜೂನಿನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ನಮ್ಮ ನೆಲ ಚಿರೆಕಲ್ಲಿನದು, ಜರಡಿಯ ಹಾಗೆ. ಬಿದ್ದ ನೀರು ಗುಡ್ಡದಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ ಒಂದೇ ಓಟ. ಜನವರಿಯಲ್ಲಿ ಹಿತ್ತಿಲ ಹಿಂದಿನ ಹಳ್ಳ ನೂಲಿನಷ್ಟಾಗುತ್ತದೆ, ಫೆಬ್ರವರಿಯಲ್ಲಿ ಬರೀ ಉರುಟು ಕಲ್ಲು. ಕೆಳಗೆ ಶರಾವತಿ ತುಂಬಿಯೇ ಇರುತ್ತದೆ, ಆದರೆ ಭರತದಲ್ಲಿ ಉಪ್ಪುನೀರು ಏರಿ ಬರುವ ಜಾಗ ಅದು. ಹಾಗಾಗಿ ಗುಡ್ಡದ ಅಂಚಿನ ಮನೆಯ ಒಂದು ಮರಿಗೆ ಸಿಹಿನೀರು, ಕೆನಡಾದ ಕಿಟಕಿಯ ಒಂದು ಮುಷ್ಟಿ ಬೀಜಕ್ಕೆ ಸಮ.

ದನದ ಮರಿಗೆ ಹಕ್ಕಿಗೆ ಆಳವಾಗುತ್ತದೆ. ಎರಡು ಬೆರಳಿಗಿಂತ ಹೆಚ್ಚು ನೀರಿದ್ದರೆ ಸಣ್ಣ ಹಕ್ಕಿ ಇಳಿಯಲು ಅಂಜುತ್ತದೆ. ಅದಕ್ಕೆ ಚಿರೆಕಲ್ಲಿನ ತುಂಡುಗಳನ್ನು ಒಂದು ಬದಿಯಿಂದ ಇಳಿಜಾರಾಗಿ ಜೋಡಿಸಿದೆವು. ನುಣುಪು ಕಲ್ಲಾದರೆ ಕಾಲು ಜಾರುತ್ತದೆ, ಚಿರೆಕಲ್ಲಿನ ಒರಟು ಮೈ ಹಿಡಿತ ಕೊಡುತ್ತದೆ. ಬುಡದ ತೂತಿಗೆ ಇಟ್ಟ ಬಟ್ಟೆಯ ಬಿರಡೆ ತೆಗೆದರೆ ಹಳೆ ನೀರು ಬಾಳೆಯ ಬುಡಕ್ಕೆ ಹೋಗುತ್ತದೆ. ದಿನಾ ಬೆಳಿಗ್ಗೆ ತೆಂಗಿನ ಸಿಪ್ಪೆಯಿಂದ ತಿಕ್ಕಿ ತೊಳೆದು ಹೊಸ ನೀರು. ಇದನ್ನು ತಪ್ಪಿಸುವ ಹಾಗಿಲ್ಲ. ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ಮರಿಮಾಡುತ್ತದೆ ಎಂಬುದು ಒಂದು ಕಾರಣ. ಇನ್ನೊಂದು, ಹತ್ತಾರು ಹಕ್ಕಿ ಕೊಕ್ಕಿಡುವ ಜಾಗ ರೋಗದ ಸಂತೆಯಾಗಬಹುದು. ಬ್ರಿಟನ್ನಿನಲ್ಲಿ 2005ರಲ್ಲಿ ಫಿಂಚ್ ಹಕ್ಕಿಗಳಿಗೆ ಟ್ರೈಕೊಮೊನೋಸಿಸ್ ಎಂಬ ಗಂಟಲುಬೇನೆ ತಗುಲಿತು. ಎಂಜಲು ಬಿದ್ದ ಕಾಳು, ನೀರಿನಿಂದ ಹರಡುವ ರೋಗ ಅದು. ಅಲ್ಲಿನ ತೋಟಗಳಲ್ಲಿ ಸಾಮಾನ್ಯವಾಗಿದ್ದ ಹಸಿರು ಫಿಂಚ್‌ಗಳು ಕೆಲವೇ ವರ್ಷಗಳಲ್ಲಿ ಲಕ್ಷಗಟ್ಟಲೆ ಕಡಿಮೆಯಾದವು. ಪ್ರೀತಿಯಿಂದ ಇಟ್ಟ ಬಟ್ಟಲನ್ನು ಅಷ್ಟೇ ಪ್ರೀತಿಯಿಂದ ತೊಳೆಯಬೇಕು. ಎರಡು ದಿನ ಪರವೂರಿಗೆ ಹೋಗುವುದಿದ್ದರೆ ಮರಿಗೆಯನ್ನು ಖಾಲಿ ಮಾಡಿಯೇ ಹೊರಡುತ್ತೇವೆ.

ಮರಿಗೆಗೆ ಬರುವವರಿಗೆಲ್ಲ ಒಂದೊಂದು ಹೊತ್ತು ಇದೆ. ಇನ್ನೂ ಮಬ್ಬುಗತ್ತಲೆ ಇರುವಾಗ ಮಡಿವಾಳ ಹಕ್ಕಿ ಬಂದಿರುತ್ತದೆ. ಮಾರ್ಚಿನ ನಂತರ ಅದು ಬೆಳಗಿನ ಜಾವದ ಭಾಗವತ, ಚಳಿಗಾಲದಲ್ಲಿ ಮಾತ್ರ ಒಂದು ಉದ್ದ ಸಿಳ್ಳೆ, ಒಂದು ಗದರಿಕೆ, ಅಷ್ಟೇ. ಬಿಸಿಲು ಅಂಗಳಕ್ಕೆ ಇಳಿಯುವಾಗ ಪಿಕಳಾರ ಜೋಡಿ. ಒಂಬತ್ತರ ಸುಮಾರಿಗೆ ಹರಟೆಮಲ್ಲರ ತಂಡ ಒಡ್ಡೋಲಗದ ಗದ್ದಲದಲ್ಲಿ ಬರುತ್ತದೆ. ಏಳೆಂಟು ಹಕ್ಕಿ ಒಟ್ಟಿಗೆ ನೀರಿಗಿಳಿದರೂ ಒಂದು ಮಾತ್ರ ದಾಸವಾಳದ ತುದಿಯಲ್ಲಿ ಕಾವಲು ಕೂತಿರುತ್ತದೆ. ಮಧ್ಯಾಹ್ನ ಯಾರೂ ಇಲ್ಲದಾಗ ಚೋರೆಹಕ್ಕಿ. ಅದು ನೀರು ಕುಡಿಯುವುದನ್ನು ಗಮನಿಸಿ ನೋಡಬೇಕು. ಉಳಿದ ಹಕ್ಕಿಗಳು ಒಂದು ಗುಟುಕು ಕೊಕ್ಕಿಗೆ ತುಂಬಿಕೊಂಡು, ತಲೆಯೆತ್ತಿ ಗಂಟಲಿಗೆ ಇಳಿಸಿಕೊಳ್ಳುತ್ತವೆ. ಚೋರೆ ಕೊಕ್ಕು ಮುಳುಗಿಸಿ, ತಲೆಯೆತ್ತದೆ, ದನದ ಹಾಗೆ ಹೀರುತ್ತದೆ. ಆಯಿ ಅದನ್ನು ತೋರಿಸಿಕೊಟ್ಟ ದಿನ, ಐವತ್ತು ವರ್ಷ ನೋಡಿದ ಹಕ್ಕಿಯನ್ನು ನಾನು ಆವತ್ತೇ ಮೊದಲ ಸಲ ನೋಡಿದಂತಾಯಿತು.

ಸೂರಕ್ಕಿ ಮರಿಗೆಗೆ ಇಳಿಯುವುದೇ ಇಲ್ಲ. ಮರಿಗೆ ತೊಳೆದ ನೀರು ಸಿಡಿದು ಪಕ್ಕದ ಕೆಸುವಿನ ಎಲೆಯ ಮೇಲೆ ಹನಿ ನಿಂತಿರುತ್ತದಲ್ಲ, ಆ ಎಲೆಯ ಮೇಲೆ ಜಾರಿ, ಹೊರಳಿ, ಮೈ ಒರೆಸಿಕೊಳ್ಳುತ್ತದೆ. ಅದರ ಸ್ನಾನಕ್ಕೆ ನಾಲ್ಕು ಹನಿ ಸಾಕು. ಅದಕ್ಕಿಂತಲೂ ಚಿಕ್ಕದು ಬದನಿಕೆ ಹಕ್ಕಿ, ನಮ್ಮ ಹೆಬ್ಬೆರಳಿನಷ್ಟು. ಮಾವಿನ ಮರಕ್ಕೆ ಬದನಿಕೆ ಹತ್ತಿತೆಂದರೆ ನಾವು ಕತ್ತಿ ಹಿಡಿದು ಓಡುತ್ತೇವೆ. ಆ ಬದನಿಕೆಯ ಹಣ್ಣನ್ನು ನುಂಗಿ, ಅಂಟಂಟು ಬೀಜವನ್ನು ಇನ್ನೊಂದು ಟೊಂಗೆಗೆ ಹಚ್ಚಿ ಬಿತ್ತನೆ ಮಾಡುವುದು ಈ ಹಕ್ಕಿಯೇ. ಒಂದಕ್ಕೊಂದು ಹೀಗೆ ಹೊಂದಿಕೊಂಡಿರುವುದನ್ನು ಕಂಡ ಮೇಲೆ, ಹಿತ್ತಿಲ ಮೂಲೆಯ ಕಾಡುಮಾವಿನಲ್ಲಿ ಒಂದು ಕಟ್ಟು ಬದನಿಕೆಯನ್ನು ನಾವು ಕಡಿಯದೆ ಬಿಟ್ಟಿದ್ದೇವೆ. ತೋಟದ ಕಸಿಮಾವಿನದನ್ನು ಈಗಲೂ ಕಡಿಯುತ್ತೇವೆ. ಮಾವು ನಮಗೂ ಬೇಕು.

ಅಂಗಳದಲ್ಲಿ ಬಾಲ ಕುಣಿಸುತ್ತ ಓಡಾಡುವ ಬೂದು ಸಿಪಿಲೆಗೆ ನಮ್ಮ ಹಳ್ಳಿಗಳಲ್ಲಿ ಕುಂಡೆಕುಸ್ಕ ಎಂಬ ಹೆಸರು, ನೋಡಿದವರಿಗೆ ಆ ಹೆಸರು ಯಾಕೆಂದು ಕೇಳಬೇಕಾಗುವುದಿಲ್ಲ. ಮಳೆ ಹಿಂದೆಗೆಯುವ ಹೊತ್ತಿಗೆ ಹಿಮಾಲಯದ ಕಡೆಯಿಂದ ಬರುತ್ತದೆ. ಕಾಲಿಗೆ ಉಂಗುರ ತೊಡಿಸಿ ನೋಡಿದವರು ಇಂಥ ಸಿಪಿಲೆಗಳು ವರ್ಷ ವರ್ಷವೂ ಅದೇ ಜಾಗಕ್ಕೆ ಮರಳುವುದನ್ನು ಕಂಡಿದ್ದಾರೆ. ಹಾಗೆಯೇ ಮಾವಿನ ಎಲೆಗಳ ಒಳಗೆ ಸದಾ ಚಡಪಡಿಸುವ, ಕಣ್ಣಿಗಿಂತ ಕಿವಿಗೇ ಮೊದಲು ಸಿಗುವ ಪುಟ್ಟ ಹಸಿರು ಉಲಿಯಕ್ಕಿ. ತೂಕ ಎಂಟು ಗ್ರಾಮಿನಷ್ಟು. ಅದು ಚಳಿಗಾಲಕ್ಕೆ ಒಂದೆರಡು ಮರ ತನ್ನದೆಂದು ಗುರುತು ಮಾಡಿ, ಬೇರೆ ಉಲಿಯಕ್ಕಿ ಬಂದರೆ ಜಗಳ ಕಾಯ್ದು ಓಡಿಸುತ್ತದೆ. ನಮ್ಮ ಮಾವಿನ ಮರದ ಪಹಣಿಯಲ್ಲಿ ನಮ್ಮ ಹೆಸರಿದೆ. ಅಕ್ಟೋಬರಿನಿಂದ ಏಪ್ರಿಲಿನವರೆಗೆ ಅದರ ಹುಳುಗಳ ಹಕ್ಕುದಾರ ಮಾತ್ರ ಅದೇ.

ಈ ಜಿಲ್ಲೆಯ ಹಕ್ಕಿಗಳನ್ನು ಹೀಗೆ ಜಗುಲಿಯಲ್ಲಿ ಕೂತು, ಕಾಡಿನಲ್ಲಿ ಅಲೆದು ಬರೆದಿಟ್ಟವರು ನಮಗಿಂತ ನೂರಮೂವತ್ತು ವರ್ಷ ಹಿಂದೆ ಇದ್ದರು. ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಜಿಲ್ಲಾ ಕಲೆಕ್ಟರ್ ಆಗಿದ್ದ ಜೇಮ್ಸ್ ಡೇವಿಡ್‌ಸನ್ 1898ರಲ್ಲಿ ಉತ್ತರ ಕನ್ನಡದ ಹಕ್ಕಿಗಳ ಬಗ್ಗೆ ಮುಂಬಯಿಯ ನಿಸರ್ಗ ಇತಿಹಾಸ ಸಂಘದ ಪತ್ರಿಕೆಯಲ್ಲಿ ದೀರ್ಘ ಬರಹ ಪ್ರಕಟಿಸಿದ. ಅವನ ಗೆಳೆಯ ಎಡ್ವರ್ಡ್ ಐಟ್ಕನ್ ಸುಂಕ ಮತ್ತು ಉಪ್ಪಿನ ಇಲಾಖೆಯ ಅಧಿಕಾರಿ. 1883ರಲ್ಲಿ ಹುಟ್ಟಿದ ಆ ಸಂಘದ ಸ್ಥಾಪಕರಲ್ಲಿ ಒಬ್ಬ. ಕಾರವಾರದ ಅರಣ್ಯಾಧಿಕಾರಿ ಬೆಲ್ ಮೂರನೆಯವನು. ಮೂವರೂ ಸೇರಿ ಇಲ್ಲಿನ ಚಿಟ್ಟೆಗಳ ಹುಳುವನ್ನು ಮನೆಯಲ್ಲಿ ಸಾಕಿ ಬೆಳೆಸಿ ನೋಡಿದರು. ಹಕ್ಕಿ, ಹುಳು ನೋಡಲು ದೂರ ಹೋಗಬೇಕಾಗಿಲ್ಲ, ಇದ್ದಲ್ಲೇ ಕಣ್ಣಿಡಬೇಕು ಎಂಬುದನ್ನು ಐಟ್ಕನ್ನನ ಬರಹಗಳಷ್ಟು ಸವಿಯಾಗಿ ಹೇಳಿದವು ಆ ಕಾಲದಲ್ಲಿ ಕಡಿಮೆ. ಕನ್ನಡದಲ್ಲಿ ಆ ರುಚಿ ಹತ್ತಿಸಿದವರು ಪೂರ್ಣಚಂದ್ರ ತೇಜಸ್ವಿ. ಅವರ ‘ಕನ್ನಡ ನಾಡಿನ ಹಕ್ಕಿಗಳು’ ನಮ್ಮ ಅಡುಗೆಮನೆಯ ಕಿಟಕಿಯಲ್ಲಿ, ಸಾಂಬಾರ ಡಬ್ಬಿಗಳ ಪಕ್ಕ, ಅರಿಶಿನದ ಬೆರಳಚ್ಚು ಮೆತ್ತಿಕೊಂಡು ಕೂತಿದೆ.

ಈಗ ನವರಂಗದ ವಿಷಯ. ಈ ಬರಹ ಬರೆಯಲು ಕೂತದ್ದೇ ಅದಕ್ಕಾಗಿ.

ಗೇಣಿಗಿಂತ ಚಿಕ್ಕದಾದ, ಮೋಟು ಬಾಲದ ಹಕ್ಕಿ. ಬೆನ್ನು ಹಸಿರು, ಎದೆ ಕಾವಿ, ಹೊಟ್ಟೆಯಡಿ ಕುಂಕುಮ, ರೆಕ್ಕೆಯಲ್ಲಿ ನೀಲಿಯ ತುಣುಕು, ಕಣ್ಣಿಗೆ ಕಾಡಿಗೆಯ ಪಟ್ಟಿ. ಬಹುಪಾಲು ಹಿಮಾಲಯದ ತಪ್ಪಲು ಮತ್ತು ಮಧ್ಯಭಾರತದ ಕಾಡುಗಳಲ್ಲಿ ಮರಿಮಾಡಿ, ಚಳಿಗಾಲಕ್ಕೆ ದಕ್ಷಿಣಕ್ಕೆ ಬರುತ್ತದೆ. ಪ್ರಯಾಣವೆಲ್ಲ ರಾತ್ರಿಯದು. ಬಂದಿಳಿದ ದಿನ ಎಷ್ಟು ದಣಿದಿರುತ್ತದೆಂದರೆ ಕೊಟ್ಟಿಗೆ, ಬಚ್ಚಲು, ಜಗುಲಿ ಎಂದು ನೋಡದೆ ಒಳಗೆ ಬಂದು ಕೂತುಬಿಡುತ್ತದೆ. ಬೆಳಿಗ್ಗೆ ಮತ್ತು ಸಂಜೆ ಆರರ ಸುಮಾರಿಗೆ ಎರಡು ಸ್ವರದ ಸಿಳ್ಳೆ ಹಾಕುವುದರಿಂದ ತಮಿಳರು ಅದನ್ನು ಆರು ಗಂಟೆಯ ಹಕ್ಕಿ ಎಂದು ಕರೆಯುತ್ತಾರೆ.

ಅದಕ್ಕೆ ಕಾಳೂ ಬೇಡ, ಹಣ್ಣೂ ಬೇಡ. ಬೇಕಾದ್ದು ದರಕು. ಒಣಗಿ ಉದುರಿದ ಎಲೆಗಳ ಹಾಸನ್ನು ಕೊಕ್ಕಿನಿಂದ ಒಂದೊಂದಾಗಿ ಮಗುಚಿ, ಅಡಿಯಲ್ಲಿರುವ ಹುಳ, ಎರೆಹುಳ ಹೆಕ್ಕುತ್ತದೆ. ಪುಸ್ತಕದ ಪುಟ ತಿರುವಿದಷ್ಟು ಸಾವಧಾನ. ಆದರೆ ನಮ್ಮ ಕಡೆ ಚಳಿಗಾಲವೆಂದರೆ ದರಕು ಗುಡಿಸುವ ಕಾಲ. ಬೆಟ್ಟದಿಂದ ಹೆಡಿಗೆಗಟ್ಟಲೆ ಹೊತ್ತು ತಂದು ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ ತೋಟಕ್ಕೆ ಕೊಡುವುದು ಪೂರ್ವಿಕರಿಂದ ಬಂದದ್ದು. ಅದು ಬದುಕು, ಅದನ್ನು ಯಾರೂ ತಪ್ಪೆನ್ನಬಾರದು. ನನಗೆ ಬೇಸರವಾಗುವುದು ಇತ್ತೀಚಿನ ಇನ್ನೊಂದು ರೂಢಿಯ ಬಗ್ಗೆ. ಗೊಬ್ಬರಕ್ಕೂ ಅಲ್ಲ, ಹಾಸಿಗೂ ಅಲ್ಲ, ಕಣ್ಣಿಗೆ ಚೊಕ್ಕ ಕಾಣಲಿ ಎಂದು ಹಿತ್ತಿಲನ್ನೆಲ್ಲ ಗುಡಿಸಿ ಎಲೆಗೆ ಬೆಂಕಿ ಕೊಡುತ್ತೇವೆ, ಉಳಿದ ನೆಲಕ್ಕೆ ಸಿಮೆಂಟಿನ ಬಿಲ್ಲೆ ಹಾಸುತ್ತೇವೆ. ಹಾಸಿದ ಮೇಲೆ ನವರಂಗಕ್ಕೆ ಅಲ್ಲಿ ಮಗುಚಲು ಒಂದು ಪುಟವೂ ಉಳಿಯುವುದಿಲ್ಲ.

ನಮ್ಮ ಮನೆಯಲ್ಲಿ ಹಲಸಿನ ಮರದಿಂದ ಮರಿಗೆಯವರೆಗಿನ ಹತ್ತು ಮಾರು ಜಾಗಕ್ಕೆ ಕಸಬರಿಗೆ ಹೋಗುವುದಿಲ್ಲ. ಗಡಿಗೆ ನಾಲ್ಕು ಕಲ್ಲು ಇಟ್ಟಿದ್ದೇವೆ. ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮಂಗನ ಕಾಯಿಲೆ, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಆ ಜ್ವರ, ನಮ್ಮ ತಾಲ್ಲೂಕುಗಳನ್ನೂ ಬಿಟ್ಟಿಲ್ಲ. ಅದನ್ನು ಹರಡುವ ಉಣುಗುಗಳು ಚುರುಕಾಗುವುದು ಇದೇ ಒಣ ತಿಂಗಳುಗಳಲ್ಲಿ, ಇರುವುದು ಇದೇ ತರಗೆಲೆಗಳ ನಡುವೆ. ಆದ್ದರಿಂದ ಕಾಡಿಗೆ ತಾಗಿದ ಮನೆಯವರು ದರಕನ್ನು ಮನೆಗೋಡೆಯಿಂದ ದೂರವೇ ಬಿಡಬೇಕು, ಮಕ್ಕಳನ್ನು ಅದರಲ್ಲಿ ಆಡಲು ಬಿಡಬಾರದು. ಮಂಗಗಳನ್ನು ಕರೆಯುವ ಹಣ್ಣುಹಂಪಲನ್ನು ಕಿಟಕಿಗೆ ಕಟ್ಟಬಾರದು. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಆಯಿ ಅಕ್ಕಿ ಬೇಡ ಎಂದದ್ದಕ್ಕೆ ಇದೂ ಒಂದು ಕಾರಣ ಎಂದು ಆಮೇಲೆ ಗೊತ್ತಾಯಿತು.

ಕೆಲವು ವರ್ಷದ ಹಿಂದೆ ಮನೆಗೆ ಹೊಸ ಕೋಣೆ ಸೇರಿಸಿದೆವು. ಹಳೆಯ ಮನೆಯ ಕಿಟಕಿಗಳು ಚಿಕ್ಕವು, ಮರದ ಸರಳಿನವು, ಗಾಜೇ ಇಲ್ಲ. ಹೊಸ ಕೋಣೆಗೆ ಆರಡಿ ಅಗಲದ ಜಾರುವ ಗಾಜಿನ ಕಿಟಕಿ, ಬಿಸಿಲು ತಡೆಯಲು ಕನ್ನಡಿಯಂಥ ಹೊಳಪು. ಒಳಗೆ ಕೂತರೆ ತೋಟವೆಲ್ಲ ಕಾಣುತ್ತಿತ್ತು. ಹೊರಗೆ ನಿಂತರೂ ತೋಟವೇ ಕಾಣುತ್ತಿತ್ತು. ಅದರ ಅರ್ಥ ಅಕ್ಟೋಬರಿನ ಒಂದು ಬೆಳಿಗ್ಗೆ ತಿಳಿಯಿತು. ಧಡ್ ಎಂಬ ಸದ್ದು ಕೇಳಿ ಹೊರಗೆ ಬಂದರೆ ಕಿಟಕಿಯ ಕೆಳಗೆ ನವರಂಗ ಬಿದ್ದಿತ್ತು. ಕೈಗೆತ್ತಿಕೊಂಡಾಗ ಮೈ ಬಿಸಿಯಿತ್ತು, ಕತ್ತು ಜೋತಿತ್ತು. ಅಂಗೈಯಲ್ಲಿ ಹಿಡಿದಾಗ ಅದರ ಹಗುರ ಹೇಳತೀರದು. ಕುಂಕುಮದ ಹೊಟ್ಟೆಯ ಮೇಲೆ ಒಂದು ಇರುವೆ ಆಗಲೇ ಹತ್ತಿತ್ತು. ಅಷ್ಟು ದೂರದಿಂದ ಕತ್ತಲಲ್ಲಿ ನಕ್ಷತ್ರ ನೋಡಿಕೊಂಡು ಬಂದ ಜೀವ, ನಾವು ಇಷ್ಟಪಟ್ಟು ಹಾಕಿಸಿದ ಗಾಜಿನಲ್ಲಿ ಕಂಡ ತೋಟಕ್ಕೆ ಹಾರಿ ಸತ್ತಿತು. ಆಯಿ ಅದನ್ನು ಬಾಳೆ ಎಲೆಯಲ್ಲಿ ಸುತ್ತಿ ಮುರುಗಲು ಮರದ ಬುಡದಲ್ಲಿ ಹುಗಿದರು. ಆವತ್ತು ನಾನು ಬೆಳಗಿನ ತಿಂಡಿ ತಿನ್ನಲಿಲ್ಲ.

ಅಮೆರಿಕದಲ್ಲಿ ಕಿಟಕಿಯ ಗಾಜಿಗೆ ಬಡಿದು ಸಾಯುವ ಹಕ್ಕಿಗಳ ಸಂಖ್ಯೆ ವರ್ಷಕ್ಕೆ 36.5 ಕೋಟಿಯಿಂದ 98.8 ಕೋಟಿಯವರೆಗೆ ಇರಬಹುದೆಂದು 2014ರ ಅಧ್ಯಯನವೊಂದು ಲೆಕ್ಕ ಹಾಕಿತ್ತು. ನಮ್ಮಲ್ಲಿ ಹೆದ್ದಾರಿ 66ರ ಇಕ್ಕೆಲದಲ್ಲಿ ಏಳುತ್ತಿರುವ ಹೊಸ ಮನೆ, ಮಳಿಗೆಗಳ ಹೊಳೆಯುವ ಗಾಜುಗಳನ್ನು ನೋಡುವಾಗ ಈಗ ನನಗೆ ಮೊದಲು ಕಾಣುವುದು ಅವುಗಳಲ್ಲಿ ಮೂಡಿದ ಮರಗಳ ಬಿಂಬ. ಪರಿಹಾರ ಕಷ್ಟದ್ದಲ್ಲ, ಖರ್ಚಿನದ್ದೂ ಅಲ್ಲ. ಗಾಜಿನ ಹೊರಮೈಯಲ್ಲಿ ಹಕ್ಕಿಗೆ ಅಡ್ಡಿ ಕಾಣಬೇಕು, ಅಷ್ಟೇ. ಒಂದೇ ಒಂದು ಹದ್ದಿನ ಚಿತ್ರ ಅಂಟಿಸಿದರೆ ಸಾಲದು, ಹಕ್ಕಿ ಅದರ ಪಕ್ಕದಲ್ಲಿ ನುಗ್ಗುತ್ತದೆ. ನಾವು ಕಿಟಕಿಯ ಹೊರಗೆ ಮೇಲಿನಿಂದ ಕೆಳಗಿನವರೆಗೆ ತೆಂಗಿನ ನಾರಿನ ಸಣ್ಣ ಹುರಿಗಳನ್ನು ನಾಲ್ಕು ನಾಲ್ಕು ಬೆರಳಿನ ಅಂತರದಲ್ಲಿ ಇಳಿಬಿಟ್ಟೆವು. ಹಳೆಯ ಮನೆಯ ಸರಳುಗಳ ಅಂತರವೂ ಅಷ್ಟೇ ಇತ್ತು ಎಂಬುದು ಕಟ್ಟುವಾಗ ಹೊಳೆಯಿತು. ಅದಾದ ಮೇಲೆ ಆ ಗಾಜಿಗೆ ಒಂದು ಹಕ್ಕಿಯೂ ಬಡಿದಿಲ್ಲ.

ಎಲ್ಲರ ಕಿಟಕಿಯಾಚೆಯೂ ತೋಟವಿರುವುದಿಲ್ಲ. ಕುಮಟಾದ ಐಗಳಕುರ್ವೆಯ ಕಡೆ ಅಘನಾಶಿನಿಯ ದಂಡೆಯ ಮನೆಗಳಲ್ಲಿ ಕಿಟಕಿ ತೆರೆದರೆ ಗಜನಿ ಗದ್ದೆ. ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತದ ಕೊಯ್ಲು ಮುಗಿದ ಮೇಲೆ ಅಲ್ಲಿ ಭರತ ಇಳಿದಾಗಲೆಲ್ಲ ಕೆಸರಿನ ಬಯಲು ತೆರೆದುಕೊಳ್ಳುತ್ತದೆ. ಹೆಂಗಸರು ಬಳಚು ಹೆಕ್ಕಲು ಇಳಿಯುವ ಅದೇ ಹೊತ್ತಿಗೆ ಉತ್ತರದಿಂದ ಬಂದ ಗೊರವಗಳು, ಕಡಲಹಕ್ಕಿಗಳು ಇಳಿಯುತ್ತವೆ. ಅಣೆಕಟ್ಟು ಕಾಣದ ಈ ನದಿಯ ಅಳಿವೆ 2024ರ ಜನವರಿಯಲ್ಲಿ ರಾಮ್‌ಸಾರ್ ಒಪ್ಪಂದದ ಜೌಗುತಾಣವಾಯಿತು, ವಿಸ್ತೀರ್ಣ 4,801 ಹೆಕ್ಟೇರ್. ಅಲ್ಲಿಯವರಿಗೆ ಮರಿಗೆಯೂ ಬೇಡ, ಬಟ್ಟಲೂ ಬೇಡ. ನದಿಯೇ ದಿನಕ್ಕೆ ಎರಡು ಸಲ ತಟ್ಟೆ ಬಡಿಸುತ್ತದೆ. ಭಟ್ಕಳ ಪೇಟೆಯ ಒತ್ತೊತ್ತು ಮನೆಗಳಲ್ಲಿ ತಾರಸಿಯೇ ಹಿತ್ತಿಲು. ಗೆಳೆಯರೊಬ್ಬರು ಅಲ್ಲಿ ಕಂಪೌಂಡಿನ ಮೇಲೆ ಮಣ್ಣಿನ ಬೋಗುಣಿಯಲ್ಲಿ ನೀರಿಡುತ್ತಾರೆ. ಗುಬ್ಬಿ, ಗೊರವಂಕ, ಕಾಗೆ ಬರುತ್ತವೆ. ತಲೆಯೆತ್ತಿದರೆ ಗರುಡ, ಒಮ್ಮೊಮ್ಮೆ ಬಿಳಿಹೊಟ್ಟೆಯ ಕಡಲಹದ್ದು. ಆ ಹದ್ದುಗಳು ಗೂಡು ಕಟ್ಟುವ ನೇತ್ರಾಣಿ ದ್ವೀಪ ಮುರುಡೇಶ್ವರದ ತೀರದಿಂದ ಹತ್ತೊಂಬತ್ತು ಕಿಲೋಮೀಟರ್. ಬ್ರಿಟಿಷರ ನಕ್ಷೆಗಳಲ್ಲಿ ಅದರ ಹೆಸರು ಪಾರಿವಾಳ ದ್ವೀಪ.

ಫೆಬ್ರವರಿಯ ಮಧ್ಯದಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಿಲ ಹಕ್ಕಿ ಎಣಿಕೆ ನಡೆಯುತ್ತದೆ. 1998ರಲ್ಲಿ ಅಮೆರಿಕ ಖಂಡದಲ್ಲಿ ಆರಂಭವಾದದ್ದು, ಭಾರತ ಸೇರಿಕೊಂಡದ್ದು 2013ರಲ್ಲಿ. ಕನಿಷ್ಠ ಹದಿನೈದು ನಿಮಿಷ ಒಂದೇ ಕಡೆ ಕೂತು, ಕಂಡ ಕೇಳಿದ ಹಕ್ಕಿಗಳನ್ನು ಎಣಿಸಿ ಇ-ಬರ್ಡ್ ಆ್ಯಪಿನಲ್ಲಿ ತುಂಬುವುದು. ಇಂಥ ಲಕ್ಷಾಂತರ ಪಟ್ಟಿಗಳಿಂದಲೇ ದೇಶದ ಹಕ್ಕಿಗಳ ಸ್ಥಿತಿಗತಿ ವರದಿ ಸಿದ್ಧವಾಗುತ್ತದೆ. 2023ರ ವರದಿ 942 ಜಾತಿಗಳನ್ನು ಪರಿಶೀಲಿಸಿ 178 ಜಾತಿಗಳಿಗೆ ತುರ್ತು ಗಮನ ಬೇಕೆಂದಿತು. ವಲಸೆ ಬರುವ ಗೊರವಗಳಂಥ ದಡದ ಹಕ್ಕಿಗಳ ಸ್ಥಿತಿ ಆತಂಕದ್ದು. ಗುಬ್ಬಿ ಮಾತ್ರ ಮಹಾನಗರಗಳನ್ನು ಬಿಟ್ಟು ಉಳಿದ ಕಡೆ ಹೆಚ್ಚುಕಡಿಮೆ ಇದ್ದಂತೆಯೇ ಇದೆ ಎಂದು ಅದಕ್ಕೂ ಹಿಂದಿನ 2020ರ ವರದಿ ಹೇಳಿತ್ತು. ನಮ್ಮೂರಿನಂಥ ಊರುಗಳಿಂದ ಪಟ್ಟಿ ಹೋಗುವುದು ಕಡಿಮೆ. ಒಂದು ಕಿಟಕಿ, ಹದಿನೈದು ನಿಮಿಷ, ಅಷ್ಟಿದ್ದರೆ ಯಾರು ಬೇಕಾದರೂ ಕಳಿಸಬಹುದು. ನಾನು ಹೆಸರು ಹೇಳುತ್ತೇನೆ, ಮಗಳು ಮೊಬೈಲಿನಲ್ಲಿ ತುಂಬುತ್ತಾಳೆ, ಆಯಿ ನಮ್ಮಿಬ್ಬರಿಗೂ ಕಾಣದ್ದನ್ನು ತೋರಿಸುತ್ತಾರೆ.

ಆಯಿಯ ಲೆಕ್ಕದ ಪುಸ್ತಕ ಬೇರೆ. ಗೋಡೆಯ ಮೊಳೆಗೆ ತೂಗುವ ಬಗ್ಗೋಣ ಪಂಚಾಂಗದ ಅಂಚಿನಲ್ಲಿ, ಹಾಲಿನ ಲೆಕ್ಕ, ಏಕಾದಶಿಯ ಗುರುತುಗಳ ನಡುವೆ, ಪೆನ್ಸಿಲಿನಲ್ಲಿ ಸಣ್ಣ ಅಕ್ಷರ: ‘ನವರಂಗ ಬಂತು.’ ಆಶ್ವಯುಜದ ಪುಟದಲ್ಲಿ ಬರೆದ ಸಾಲು ಅದು. ಪಂಚಾಂಗ ಯುಗಾದಿಗೆ ಬದಲಾಗುತ್ತದೆ, ನವರಂಗ ಹೊರಡುವುದು ಅದಾದ ಮೇಲೆ. ಹಾಗಾಗಿ ಬಂದದ್ದು ಒಂದು ಪುಸ್ತಕದಲ್ಲಿದ್ದರೆ ಹೋದದ್ದು ಇನ್ನೊಂದರಲ್ಲಿ. ಎರಡನ್ನೂ ಒಟ್ಟಿಗೆ ಕಟ್ಟಿ ನಾಗಂದಿಗೆಯ ಮೇಲೆ ಇಡುತ್ತಾರೆ.

ಕಳೆದ ಏಪ್ರಿಲಿನ ಕೊನೆಯಲ್ಲಿ ಒಂದು ಸಂಜೆ, ಮೊದಲ ಗುಡುಗು ಘಟ್ಟದ ಕಡೆಯಿಂದ ಕೇಳಿದ ದಿನ, ನವರಂಗ ಮರಿಗೆಯ ಅಂಚಿಗೆ ಬಂತು. ನೀರು ಕುಡಿಯಿತು, ಇಳಿಜಾರಿನ ಚಿರೆಕಲ್ಲಿನ ಮೇಲೆ ಎರಡು ಹೆಜ್ಜೆ ಇಳಿದು ಮೈ ತೊಯಿಸಿಕೊಂಡಿತು. ದರಕಿಗೆ ಹಾರಿ, ಒಂದು ಹಲಸಿನ ಎಲೆಯನ್ನು ಮಗುಚಿ, ಅಡಿಯಲ್ಲಿ ಏನೋ ಕಂಡು ನುಂಗಿತು. ಆರು ಗಂಟೆಗೆ ಸಿಳ್ಳೆ ಹಾಕಿತು. ಮರುದಿನ ಸಿಳ್ಳೆ ಇರಲಿಲ್ಲ, ಅದರ ಮರುದಿನವೂ ಇರಲಿಲ್ಲ. ಆಯಿ ಮೂರು ದಿನ ಕಾದು, ಹೊಸ ಪಂಚಾಂಗದಲ್ಲಿ ವೈಶಾಖದ ಪುಟ ತೆಗೆದು, ಪೆನ್ಸಿಲಿನ ತುದಿಯನ್ನು ನಾಲಿಗೆಗೆ ಒಮ್ಮೆ ಮುಟ್ಟಿಸಿ ಬರೆದರು. ಆಮೇಲೆ ಎದ್ದು ಹೋಗಿ ಮರಿಗೆಯ ಬಿರಡೆ ತೆಗೆದರು. ಮಳೆ ಬರುವವರೆಗೆ ಉಳಿದವರಿಗೆ ನೀರು ಬೇಕಿತ್ತು.